ಗರ್ಭಿಣಿಯ ಆತಂಕ: ಎಣ್ಣೆ ತುಂಬಿದ ಪಾತ್ರೆಯನ್ನು ಹೊತ್ತವರಾರು?

ಕಳೆದ ಶ್ರಾವಣ ಮಾಸದ ಪ್ರವಚನ ಮುಗಿದ ಒಂದು ಸಂಜೆ, ಮಠದ ಪ್ರಾಂಗಣದಲ್ಲಿ ಪ್ರಸಾದದ ಸಾಲಿನಲ್ಲಿ ನಿಂತಿದ್ದಾಗ ಹಿರಿಯ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಕಿರಿಯ ಸೊಸೆಗೆ ಆಗ ಏಳು ತಿಂಗಳು, ಚೊಚ್ಚಲ ಬಸಿರು. ಎಲ್ಲವೂ ಸರಿಯಾಗಿದೆ ಎಂದು ಸ್ಕ್ಯಾನಿಂಗ್ ನೋಡಿದ ವೈದ್ಯರು ಎರಡು ಬಾರಿ ಹೇಳಿದ್ದಾರೆ. ಆದರೂ ಹುಡುಗಿ ನಡುರಾತ್ರಿ ಎದ್ದು ಕೂರುತ್ತಾಳೆ. ಎದೆ ಡವಗುಟ್ಟುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಬೆಳಗು ಮಾಡುತ್ತಾಳೆ. ಊಟವನ್ನು ಅರ್ಧಕ್ಕೆ ಬಿಡುತ್ತಾಳೆ. ಕುಬಸದ ಕಾರ್ಯ ಮುಗಿಸಿ ತವರಿಗೆ ಕಳುಹಿಸೋಣವೆಂದರೆ, ಯಾವ ಹೆಣ್ಣುಮಗಳೂ ಅಳದ ವಿಷಯಕ್ಕೆ ಅಳುತ್ತಾಳೆ: ತವರಿಗೆ ಹೋಗುವುದಿಲ್ಲ ಎನ್ನುತ್ತಾಳೆ. ಓಣಿಯವರೊಬ್ಬರು ಇದು ದೃಷ್ಟಿ ಎಂದರು, ಇನ್ನೊಬ್ಬರು ಗಾಳಿ ಎಂದರು, ಮಗ ಇದೆಲ್ಲ ಮೊಬೈಲಿನ ಫಲವೆಂದ. ತಾಯಿಯವರ ಪ್ರಶ್ನೆ ನೇರವಾಗಿತ್ತು: “ಡಾಕ್ಟರಮ್ಮಾ, ಇದು ರೋಗ ಏನ್ರಿ, ಇಲ್ಲಾ ಹಟ ಏನ್ರಿ?”

ಗದಗ ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ 38 ವರ್ಷಗಳಿಂದ ವೈದ್ಯವೃತ್ತಿಯಲ್ಲಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಬಸುರಿಯರು ನನ್ನ ಬಳಿಗೆ ವಾಂತಿಗೆ, ಎದೆಯುರಿಗೆ, ಕಾಲುಬಾವಿಗೆ, ಸೊಂಟನೋವಿಗೆ ಬರುತ್ತಾರೆ. ಮನಸ್ಸಿಗೆ ಸಂಕಟವಾಗಿದೆ ಎಂದು ಹೇಳಿಕೊಂಡು ಬಂದವರನ್ನು ಬೆರಳಲ್ಲಿ ಎಣಿಸಬಹುದು. ಆ ಸಂಕಟ ವೇಷ ಮರೆಸಿಕೊಂಡು ಬರುತ್ತದೆ. ಎದೆಯ ಮೇಲೆ ಕಲ್ಲಿಟ್ಟ ಹಾಗಿದೆ, ಉಸಿರು ಪೂರ್ತಿ ಒಳಗೆ ಹೋಗುವುದಿಲ್ಲ, ಹೊಟ್ಟೆಯಲ್ಲಿ ಏನೋ ತಿರುವಿದಂತಾಗುತ್ತದೆ ಎಂಬ ಮಾತುಗಳಲ್ಲಿ ಅದು ಅಡಗಿರುತ್ತದೆ. ಆ ತಾಯಿಗೆ ಸಾಲಿನಲ್ಲಿ ನಿಂತು ಉತ್ತರ ಕೊಡಲು ಸಾಧ್ಯವಿರಲಿಲ್ಲ. ಸೊಸೆಯನ್ನು ಕರೆತರಲು ಹೇಳಿದೆ. ಅತ್ತೆ ಸೊಸೆ ಇಬ್ಬರ ಒಪ್ಪಿಗೆಯನ್ನೂ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಅವಳ ವಿಷಯವನ್ನು ಮುಂದೆ ಹೇಳುತ್ತೇನೆ.

ಗರ್ಭ ಧರಿಸಿದವಳಿಗೆ ಚಿಂತೆಯೇ ಇರಬಾರದು ಎನ್ನುವುದು ತಪ್ಪು. ಮೊದಲ ಮೂರು ತಿಂಗಳು ಗರ್ಭ ನಿಲ್ಲುವುದೋ ಇಲ್ಲವೋ, ನಡುವಿನಲ್ಲಿ ಮಗು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ, ಕೊನೆಯಲ್ಲಿ ಹೆರಿಗೆಯ ನೋವನ್ನು ತಾಳುವುದು ಹೇಗೆ ಎಂಬ ಚಿಂತೆಗಳು ಬರುತ್ತವೆ, ಹೋಗುತ್ತವೆ. ವೈದ್ಯರು ಸಮಾಧಾನ ಹೇಳಿದರೆ, ಹಡೆದವ್ವನ ಜೊತೆ ಒಂದು ಗಳಿಗೆ ಮಾತನಾಡಿದರೆ ಇಳಿಯುತ್ತವೆ. ಸಮಾಧಾನ ಹೇಳಿದ ಮೇಲೂ ಇಳಿಯದ, ಎರಡು ವಾರ ಕಳೆದರೂ ದಿನವಿಡೀ ಬೆನ್ನು ಬಿಡದ, ನಿದ್ರೆಯನ್ನೂ ಹಸಿವನ್ನೂ ಕಸಿದುಕೊಳ್ಳುವ ಚಿಂತೆ ಬೇರೆ ಜಾತಿಯದು. ಕೆಲವರಲ್ಲಿ ಅದು ಇದ್ದಕ್ಕಿದ್ದಂತೆ ಎರಗಿ ಹತ್ತು ಹದಿನೈದು ನಿಮಿಷ ಸಾವೇ ಬಂದಿತೆಂಬ ಭಾವನೆಯನ್ನು ಹುಟ್ಟಿಸುತ್ತದೆ. ಕೆಲವರು ದಿನಕ್ಕೆ ಹತ್ತು ಬಾರಿ ಅದೇ ಪ್ರಶ್ನೆ ಕೇಳುತ್ತಾರೆ. ಇನ್ನು ಕೆಲವರು ಕೆಟ್ಟ ಸುದ್ದಿ ಕೇಳಬೇಕಾದೀತೆಂದು ತಪಾಸಣೆಗೇ ಹೋಗುವುದಿಲ್ಲ. ಎರಡನೆಯ ಬಗೆಯವರನ್ನು ಮನೆಯವರು ಧೈರ್ಯವಂತೆ ಎಂದು ಹೊಗಳುವುದನ್ನೂ ನಾನು ಕೇಳಿದ್ದೇನೆ.

ಇದು ವಿರಳವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಗರ್ಭಿಣಿಯರಲ್ಲಿ ಸುಮಾರು ಶೇ. 10, ಬಾಣಂತಿಯರಲ್ಲಿ ಸುಮಾರು ಶೇ. 13 ಮಂದಿ ಒಂದಿಲ್ಲೊಂದು ಮಾನಸಿಕ ಅಸ್ವಸ್ಥತೆಯನ್ನು, ಮುಖ್ಯವಾಗಿ ಖಿನ್ನತೆಯನ್ನು ಅನುಭವಿಸುತ್ತಾರೆ. ನಮ್ಮಂತಹ ಅಭಿವೃದ್ಧಿಶೀಲ ದೇಶಗಳಲ್ಲಿ ಈ ಪ್ರಮಾಣ ಕ್ರಮವಾಗಿ ಶೇ. 15.6 ಮತ್ತು ಶೇ. 19.8. ಆತಂಕ ಮತ್ತು ಖಿನ್ನತೆ ಹಲವೊಮ್ಮೆ ಒಂದೇ ನೊಗಕ್ಕೆ ಹೂಡಿದ ಎತ್ತುಗಳಂತೆ ಜೊತೆಯಾಗಿಯೇ ಬರುತ್ತವೆ.

ಮೊದಲು ದೇಹವನ್ನು ನೋಡಬೇಕು

ಎದೆಬಡಿತ, ಬೆವರು, ಕೈನಡುಕಗಳನ್ನು ಕಂಡ ಕೂಡಲೇ ಮನಸ್ಸಿನ ಕಾಯಿಲೆ ಎಂದು ತೀರ್ಮಾನಿಸುವುದು ವೈದ್ಯನ ಸೋಮಾರಿತನ. ರಕ್ತಹೀನತೆಯಲ್ಲಿಯೂ ಎದೆ ಬಡಿದುಕೊಳ್ಳುತ್ತದೆ, ಏದುಸಿರು ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿತು. ಗರ್ಭಿಣಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ತೀವ್ರ ರಕ್ತಹೀನತೆ. ಥೈರಾಯ್ಡ್ ಗ್ರಂಥಿಯ ಸ್ರಾವ ಹೆಚ್ಚಾದರೆ ಕೈ ನಡುಗುತ್ತದೆ, ನಿದ್ರೆ ಬಾರದು, ಮನಸ್ಸು ನಿಲ್ಲದು. ಹಿಂದೊಮ್ಮೆ ಮೂರು ತಿಂಗಳಿನಿಂದ ಮಂತ್ರಿಸಿದ ದಾರ ಕಟ್ಟಿಸಿಕೊಳ್ಳುತ್ತಿದ್ದ ಹೆಣ್ಣುಮಗಳೊಬ್ಬಳು ನನ್ನ ಬಳಿ ಬಂದಳು. ಅವಳ ಹಿಮೋಗ್ಲೋಬಿನ್ 6.8 ಇತ್ತು. ಅವಳಿಗೆ ಬೇಕಾಗಿದ್ದುದು ಕೂಡಲೇ ದೊಡ್ಡ ಆಸ್ಪತ್ರೆ. ಆದ್ದರಿಂದ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ರಕ್ತದೊತ್ತಡ ಇವನ್ನು ನೋಡದೆ ಮನಸ್ಸಿನ ಮಾತಿಗೆ ಹೋಗಬಾರದು. ಮಗುವಿನ ಚಲನೆ ಕಡಿಮೆಯಾಗಿದೆ ಎಂದು ಬಸುರಿ ಹೇಳಿದರೆ, ತಲೆನೋವಿನ ಜೊತೆ ಕಣ್ಣು ಮಂಜಾಗುತ್ತಿದೆ ಎಂದರೆ, ಅದು ಅವಳ ಹೆದರಿಕೆ ಎಂದು ತಳ್ಳಿಹಾಕದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಹೆದರುವ ಸ್ವಭಾವದವಳಿಗೂ ನಿಜವಾದ ತೊಂದರೆ ಬರಬಹುದಲ್ಲವೇ?

ಇನ್ನು ಮನಸ್ಸಿನ ಆತಂಕ ದೇಹವನ್ನು ಮುಟ್ಟುವ ಬಗೆ. ಭಯವಾದಾಗ ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಮತ್ತು ಕಾರ್ಟಿಸೋಲ್ ಎಂಬ ಸ್ರಾವಗಳನ್ನು ರಕ್ತಕ್ಕೆ ಬಿಡುತ್ತವೆ. ನಾಡಿ ಏರುತ್ತದೆ, ರಕ್ತದೊತ್ತಡ ಏರುತ್ತದೆ, ಜಠರದ ಕೆಲಸ ಕುಂಠಿತವಾಗುತ್ತದೆ. ಗರ್ಭಾವಸ್ಥೆಯಲ್ಲಿ ಕಾರ್ಟಿಸೋಲ್ ಸಹಜವಾಗಿಯೇ ಹೆಚ್ಚುತ್ತದೆ. ಅದರ ಬಹುಭಾಗವನ್ನು ನಿಷ್ಕ್ರಿಯಗೊಳಿಸಿ ಮಗುವನ್ನು ಕಾಯುವ ಒಂದು ಕಿಣ್ವವನ್ನು ಪ್ರಕೃತಿ ಮಾಸುಚೀಲದಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ, ಕಾವಲಿಗೆ ಇರಿಸಿದೆ. ಆದರೆ ತಿಂಗಳುಗಟ್ಟಲೆ ಆರದ ತೀವ್ರ ಆತಂಕವಿರುವ ತಾಯಂದಿರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವುದು, ಕಡಿಮೆ ತೂಕದ ಮಗು ಹುಟ್ಟುವುದು, ಹೆರಿಗೆಯ ನಂತರ ಖಿನ್ನತೆ ಬರುವುದು ಉಳಿದವರಿಗಿಂತ ಹೆಚ್ಚಾಗಿ ಕಂಡುಬಂದಿದೆ. ಇದು ಕೇವಲ ಸ್ರಾವಗಳ ಆಟವಲ್ಲ. ಆತಂಕದಲ್ಲಿರುವವಳು ಉಣ್ಣುವುದಿಲ್ಲ, ಮಲಗುವುದಿಲ್ಲ, ಕಬ್ಬಿಣದ ಮಾತ್ರೆಯನ್ನು ಮರೆಯುತ್ತಾಳೆ, ತಪಾಸಣೆ ತಪ್ಪಿಸುತ್ತಾಳೆ. ಹಾನಿಯ ದೊಡ್ಡ ಪಾಲು ಈ ದಾರಿಯಿಂದಲೇ ಬರುತ್ತದೆ ಎಂಬುದು ನನ್ನ ಅನುಭವ. ಮನೆಯವರು ತಡೆಯಬಹುದಾದ ದಾರಿಯೂ ಇದೇ.

ಇಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಹೇಳಬೇಕು. ವೃತ್ತಿಯ ಮೊದಲ ಹತ್ತು ವರ್ಷ ನಾನು ಪ್ರತಿಯೊಬ್ಬ ಬಸುರಿಗೂ ಒಂದು ಮಾತು ಹೇಳುತ್ತಿದ್ದೆ: ನೀನು ಹೆದರಿದರೆ ಹೊಟ್ಟೆಯೊಳಗಿನ ಕೂಸೂ ಹೆದರುತ್ತದೆ, ನೀನು ಅತ್ತರೆ ಅದೂ ಅಳುತ್ತದೆ, ಆದ್ದರಿಂದ ಸಂತೋಷವಾಗಿರು. ಹಿತವಚನವೆಂದೇ ಭಾವಿಸಿದ್ದೆ. ಒಬ್ಬ ಶಿಕ್ಷಕಿ ಆರನೆಯ ತಿಂಗಳಲ್ಲಿ ಈ ಮಾತು ಕೇಳಿ ಹೋದವಳು ಮತ್ತೆ ಬರಲಿಲ್ಲ. ಹೆರಿಗೆಯಾಗಿ ಮಗುವಿಗೆ ಐದು ತಿಂಗಳಾದ ಮೇಲೆ ಬಂದು ಹೇಳಿದಳು: “ನೀವು ಹಾಗೆ ಅಂದ ದಿನದಿಂದ ನನಗೆ ಹೆದರಿಕೆಯ ಬಗ್ಗೆಯೇ ಹೆದರಿಕೆ ಹತ್ತಿತು. ಎದೆ ಬಡಿದಾಗಲೆಲ್ಲ ಈಗ ಮಗುವಿಗೆ ಏನೋ ಆಯಿತು ಅನ್ನಿಸುತ್ತಿತ್ತು. ನಿಮ್ಮ ಮುಂದೆ ಅಳು ಬಂದರೆ ಬೈಯುತ್ತೀರಿ ಎಂದು ಬರಲಿಲ್ಲ.” ಅವಳ ಮಗಳು ಆರೋಗ್ಯವಾಗಿಯೇ ಇದ್ದಳು. ಆದರೆ ಆ ಮೂರು ತಿಂಗಳು ಅವಳು ಒಬ್ಬಳೇ ಅನುಭವಿಸಿದ್ದಕ್ಕೆ ನನ್ನ ಹಿತವಚನವೇ ಕಾರಣವಾಗಿತ್ತು. ಅಂದಿನಿಂದ ಆ ಮಾತನ್ನು ಬಿಟ್ಟೆ. ಮೇಲೆ ಹೇಳಿದ ಸಂಬಂಧಗಳು ಅನೇಕ ತಾಯಂದಿರನ್ನು ಒಟ್ಟಾಗಿ ನೋಡಿದಾಗ ಕಾಣುವಂಥವು. ಒಬ್ಬ ತಾಯಿಯ ಹಣೆಬರಹವಲ್ಲ. ಆತಂಕ ಅನುಭವಿಸಿದ ಬಹುಪಾಲು ತಾಯಂದಿರಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತವೆ. ಈ ಲೇಖನವನ್ನು ಓದುತ್ತಿರುವ ಗರ್ಭಿಣಿಯರು ಇದೊಂದನ್ನು ನೆನಪಿನಲ್ಲಿಡಬೇಕು.

ಪಾತ್ರೆಯ ಮಾತು

ಚರಕ ಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಗರ್ಭಿಣಿಯನ್ನು ಅಂಚಿನವರೆಗೆ ಎಣ್ಣೆ ತುಂಬಿದ ಪಾತ್ರೆಗೆ ಹೋಲಿಸಲಾಗಿದೆ. ಆಯುರ್ವೇದ ಓದಿದವರೆಲ್ಲರೂ ಈ ಉಪಮೆಯನ್ನು ಬಲ್ಲರು, ಭಾಷಣಗಳಲ್ಲಿ ಹೇಳದವರಿಲ್ಲ. ಆದರೆ ನಾವು ಅದನ್ನು ಬಸುರಿಗೆ ಹೇಳುತ್ತೇವೆ: ಓಡಬೇಡ, ಎತ್ತಬೇಡ, ಅಳಬೇಡ, ನೀನು ತುಂಬಿದ ಕೊಡ, ತುಳುಕೀಯೆ ಜೋಕೆ. ಮೂಲವನ್ನು ತೆರೆದು ನೋಡಿದರೆ ಅಲ್ಲಿರುವ ವಿಧಿ ಆಕೆಗಲ್ಲ, ಆಕೆಯನ್ನು ಉಪಚರಿಸುವವರಿಗೆ. ತುಂಬಿದ ಎಣ್ಣೆಯ ಪಾತ್ರೆಯನ್ನು ಒಯ್ಯುವವನು ಹೇಗೆ ಕಲಕದಂತೆ ಒಯ್ಯುತ್ತಾನೋ ಹಾಗೆ ಆಕೆಯನ್ನು ನಡೆಸಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. ಎಣ್ಣೆ ಚೆಲ್ಲಿದರೆ ಪಾತ್ರೆಯನ್ನು ಯಾರೂ ಬೈಯುವುದಿಲ್ಲ, ಹೊತ್ತವನನ್ನು ಕೇಳುತ್ತಾರೆ. ಅದೇ ಸಂಹಿತೆಯ ಸೂತ್ರಸ್ಥಾನದಲ್ಲಿ ಶ್ರೇಷ್ಠವಾದ ಸಂಗತಿಗಳನ್ನು ಎಣಿಸುವಾಗ, ಗರ್ಭವನ್ನು ಧರಿಸಿ ನಿಲ್ಲಿಸುವವುಗಳಲ್ಲಿ ಸೌಮನಸ್ಯಕ್ಕೆ, ಅಂದರೆ ಮನಸ್ಸಿನ ನೆಮ್ಮದಿಗೆ, ಅಗ್ರಸ್ಥಾನ ನೀಡಲಾಗಿದೆ. ಹಾಲಿಗಲ್ಲ, ತುಪ್ಪಕ್ಕಲ್ಲ, ಯಾವ ರಸಾಯನಕ್ಕೂ ಅಲ್ಲ. ಸುಶ್ರುತರು ನಾಲ್ಕನೆಯ ತಿಂಗಳಿನಿಂದ ಗರ್ಭಿಣಿಯನ್ನು ಎರಡು ಹೃದಯದವಳು ಎಂದು ಕರೆದು, ಅವಳ ಬಯಕೆಯನ್ನು ಅವಮಾನಿಸಬಾರದೆಂದರು. ನಮ್ಮ ಹಳ್ಳಿಗಳಲ್ಲಿ ಬಯಕೆಯ ಊಟ ಮಾಡಿಸುವ ಪದ್ಧತಿ ಬೆಳೆದು ಬಂದಿರುವುದು ಇದೇ ತಿಳಿವಳಿಕೆಯಿಂದ. ಎಂಟನೆಯ ತಿಂಗಳಲ್ಲಿ ಓಜಸ್ಸು ತಾಯಿ ಮಗುವಿನ ನಡುವೆ ಓಡಾಡುವುದರಿಂದ ತಾಯಿ ಒಮ್ಮೆ ಉಲ್ಲಸಿತೆ, ಒಮ್ಮೆ ಬಾಡಿದವಳಾಗಿರುತ್ತಾಳೆ ಎಂದೂ ಚರಕರು ಹೇಳುತ್ತಾರೆ. ಇದನ್ನು ಇಂದಿನ ಶರೀರಕ್ರಿಯಾಶಾಸ್ತ್ರದ ಭಾಷೆಗೆ ಹೊಂದಿಸುವ ಹಟ ನನಗಿಲ್ಲ. ಬಾಡುವುದನ್ನು ಅವರು ದೋಷವೆಂದು ಕರೆಯಲಿಲ್ಲ ಎಂಬುದಷ್ಟೇ ನನಗೆ ಮುಖ್ಯ.

ಹಾಗಾದರೆ ನಮ್ಮ ಮನೆಗಳಲ್ಲಿ ಈ ಪಾತ್ರೆಯನ್ನು ಕಲಕುವವು ಯಾವುವು?

ಎಲ್ಲಕ್ಕಿಂತ ಮೊದಲನೆಯದು ಗಂಡುಮಗುವಿನ ನಿರೀಕ್ಷೆ. ಬಾಯಿಬಿಟ್ಟು ಯಾರೂ ಏನೂ ಹೇಳುವುದಿಲ್ಲ. “ಈ ಸಲ ಮನೆಗೆ ದೀಪ ಹಚ್ಚುವವ ಬರಲಿ” ಎಂಬ ಒಂದು ಹಾರೈಕೆ ಸಾಕು. ಒಂದು ಹೆಣ್ಣುಮಗುವಿನ ತಾಯಿ ಎರಡನೆಯ ಬಾರಿ ಗರ್ಭವತಿಯಾದಾಗ ಒಂಬತ್ತು ತಿಂಗಳೂ ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ ಬದುಕುತ್ತಾಳೆ. ಮಗುವಿನ ಲಿಂಗ ಗರ್ಭಾಂಕುರವಾದ ಕ್ಷಣದಲ್ಲಿಯೇ, ಅದೂ ತಂದೆಯ ವೀರ್ಯಾಣುವಿನಿಂದ, ನಿಶ್ಚಯವಾಗಿರುತ್ತದೆ. ಅದರಲ್ಲಿ ತಾಯಿಯ ಪಾತ್ರವೂ ಇಲ್ಲ, ಆಮೇಲೆ ಕೊಡುವ ಯಾವ ಔಷಧದ ಪಾತ್ರವೂ ಇಲ್ಲ. ನಮ್ಮ ಸಂಹಿತೆಗಳಲ್ಲಿಯೇ ಪುಂಸವನವೆಂಬ ವಿಧಿ ಇದೆ, ನೀವೇಕೆ ಮಾಡಿಸುವುದಿಲ್ಲ ಎಂದು ನನ್ನನ್ನು ಕೇಳಿದವರುಂಟು. ಇದೆ, ನಿಜ. ಗಂಡುಮಗುವಿಗಾಗಿ ನಾನು ಅದನ್ನು ಯಾರಿಗೂ ಮಾಡಿಲ್ಲ, ಮಾಡುವುದೂ ಇಲ್ಲ. ಪ್ರಾಚೀನರಲ್ಲಿ ಗೌರವವಿರಿಸಿಕೊಂಡೇ, ತಿಳಿದ ಸತ್ಯಕ್ಕೆ ವಿರುದ್ಧವಾದುದನ್ನು ಬಿಡಬಹುದು. ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಬಂದಿದೆ. ಆದರೆ ಮನೆಯ ಪಡಸಾಲೆಯಲ್ಲಿ ಆಡುವ ಹಾರೈಕೆಯನ್ನು ಯಾವ ಕಾನೂನು ತಡೆದೀತು? ಹೆಣ್ಣು ಗಂಡೆಂಬ ಭೇದವನ್ನು ಒಪ್ಪದ ಶರಣರ ಭಾವಚಿತ್ರ ಅದೇ ಪಡಸಾಲೆಯ ಗೋಡೆಯ ಮೇಲಿರುತ್ತದೆ.

ಎರಡನೆಯದು ಗ್ರಹಣ. 2019ರ ಡಿಸೆಂಬರ್ 26ರ ಸೂರ್ಯಗ್ರಹಣ ಅನೇಕರಿಗೆ ನೆನಪಿರಬಹುದು. ಎಂಟು ತಿಂಗಳ ಬಸುರಿಯೊಬ್ಬಳನ್ನು ಹಿಂದಿನ ರಾತ್ರಿಯ ಊಟದಿಂದ ಮರುದಿನ ಮಧ್ಯಾಹ್ನದವರೆಗೆ ನೀರೂ ಇಲ್ಲದೆ ಕತ್ತಲ ಕೋಣೆಯಲ್ಲಿ ಕೂರಿಸಿದ್ದರು. ಬವಳಿ ಬಂದು ಬಿದ್ದವಳನ್ನು ನನ್ನಲ್ಲಿಗೆ ತಂದರು. ನೀರು, ಗಂಜಿ ಕೊಟ್ಟ ಮೇಲೆ ಬವಳಿ ಹೋಯಿತು. ಆದರೆ ಕಿಟಕಿಯ ಸಂದಿಯಿಂದ ಒಮ್ಮೆ ಹೊರಗೆ ನೋಡಿಬಿಟ್ಟಿದ್ದಳಂತೆ. ಮಗುವಿಗೆ ಸೀಳುತುಟಿ ಬರುತ್ತದೆಂಬ ಭಯ ಹೆರಿಗೆಯವರೆಗಿನ ಐದು ವಾರ ಅವಳನ್ನು ಬಿಡಲಿಲ್ಲ. ಗರ್ಭದಲ್ಲಿ ಮಗುವಿನ ತುಟಿ ಕೂಡಿಕೊಳ್ಳುವ ಕೆಲಸ ಮೊದಲ ಎರಡು ತಿಂಗಳುಗಳಲ್ಲಿಯೇ ಮುಗಿದಿರುತ್ತದೆ. ಎಂಟನೆಯ ತಿಂಗಳಿನಲ್ಲಿ ಏನನ್ನು ನೋಡಿದರೂ ಕೂಡಿದ ತುಟಿ ಮತ್ತೆ ಸೀಳದು. ಬರಿಗಣ್ಣಿನಿಂದ ಗ್ರಹಣ ನೋಡಿದರೆ ಕಣ್ಣಿಗೆ ಅಪಾಯ, ಅದು ಎಲ್ಲರಿಗೂ ಸಮಾನ. ಹಸಿದ ಬಸುರಿಯನ್ನು ಕತ್ತಲಲ್ಲಿ ಕೂರಿಸುವುದಕ್ಕೆ ಯಾವ ಆಧಾರವೂ ಇಲ್ಲ.

ಮಿಕ್ಕವನ್ನು ಹೆಚ್ಚು ಬಿಡಿಸಬೇಕಿಲ್ಲ, ನಿಮಗೇ ಗೊತ್ತು. ಹಿಂದೊಮ್ಮೆ ಗರ್ಭ ಹೋದ ನೆನಪು. ಕುಬಸದ ಕಾರ್ಯಕ್ಕೆ, ತೊಟ್ಟಿಲಿಗೆ ತವರಿನವರು ಮಾಡುವ ಸಾಲ. ದುಡಿಯಲು ಗೋವೆಗೋ ಬೆಂಗಳೂರಿಗೋ ಹೋದ ಗಂಡ. ಕುಡಿದು ಬಂದು ಕೈಯೆತ್ತುವ ಗಂಡ. ಬಾಣಂತಿಯನ್ನು ನೋಡಲು ಬಂದವರು ಬಸುರಿಯ ಎದುರಿನಲ್ಲಿಯೇ ಹೇಳುವ ಭಯಂಕರ ಹೆರಿಗೆಗಳ ಕಥೆಗಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲು ಒಂದಾದ ಮೇಲೊಂದರಂತೆ ತೋರಿಸುವ ಅಂಥವೇ ವಿಡಿಯೊಗಳು.

ಮನೆಯವರು ಮಾಡಬೇಕಾದದ್ದು

ಮೊದಲನೆಯದಾಗಿ, ಕೇಳಬೇಕು. ತಪಾಸಣೆಗೆ ಹೋದಾಗ ತೂಕ, ರಕ್ತದೊತ್ತಡಗಳನ್ನು ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ನಿದ್ರೆ ಹೇಗಿದೆ, ಯಾವುದರ ಭಯ ಎಂದು ಕೇಳುವವರು ಕಡಿಮೆ. ಎಡಿನ್‌ಬರೊ ಪ್ರಶ್ನಾವಳಿ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯೊಂದು 1987ರಿಂದ ಬಳಕೆಯಲ್ಲಿದೆ, ಕನ್ನಡದಲ್ಲಿಯೂ ಇದೆ. ಬಾಣಂತಿಯರ ಖಿನ್ನತೆಗೆಂದು ಹುಟ್ಟಿದ ಆ ಪಟ್ಟಿಯಲ್ಲಿ ಆತಂಕವನ್ನು ಕುರಿತ ಪ್ರಶ್ನೆಗಳೂ ಇವೆ. ವೈದ್ಯರು ಅದನ್ನು ಬಳಸಲಿ. ಮನೆಯಲ್ಲಿ ಪಟ್ಟಿ ಬೇಡ. ಹೆದರಬೇಡ ಎನ್ನುವ ಬದಲು “ಯಾವುದರ ಹೆದರಿಕೆ?” ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕುಳಿತರೆ ಸಾಕು. ಸುಮ್ಮನೆ ಕೂರುವುದೇ ಕಷ್ಟ. ನಮಗೆಲ್ಲ ಉಪದೇಶದ ಚಪಲ ಹೆಚ್ಚು, ವೈದ್ಯರಿಗೆ ಇನ್ನೂ ಹೆಚ್ಚು.

ಮಾತು ಕೂಡ ಚಿಕಿತ್ಸೆಯೇ ಎಂಬುದಕ್ಕೆ ಈಗ ಒಳ್ಳೆಯ ಆಧಾರವಿದೆ. ನೆರೆಯ ಪಾಕಿಸ್ತಾನದ ರಾವಲ್ಪಿಂಡಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆತಂಕದ ಲಕ್ಷಣಗಳಿದ್ದ ಸುಮಾರು 1,200 ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅಲ್ಲಿ ಮಾತಿನ ಚಿಕಿತ್ಸೆ ನೀಡಿದವರು ಮನೋವೈದ್ಯರಲ್ಲ. ತರಬೇತಿ ಪಡೆದ, ಹಿಂದಿನ ಚಿಕಿತ್ಸಾನುಭವವಿಲ್ಲದ ಮನೋವಿಜ್ಞಾನ ಪದವೀಧರರು. ಆ ಚಿಕಿತ್ಸೆ ಪಡೆದವರಲ್ಲಿ ಹೆರಿಗೆಯ ನಂತರ ಆತಂಕ ಮತ್ತು ಖಿನ್ನತೆ ಗಣನೀಯವಾಗಿ ಕಡಿಮೆ ಕಂಡುಬಂದವು.

ಆಹಾರದ ಬಗ್ಗೆ ಸಂಹಿತೆಯಲ್ಲಿ ತಿಂಗಳ ಲೆಕ್ಕದ ಕ್ರಮವೇ ಇದೆ. ಅದರ ಸಾರ ಹಾಲು, ಬೆಣ್ಣೆ, ತುಪ್ಪ, ಎಂಟನೆಯ ತಿಂಗಳಲ್ಲಿ ಹಾಲು ತುಪ್ಪ ಬೆರೆಸಿದ ತೆಳು ಗಂಜಿ. ಆತಂಕದಿಂದ ಉಣ್ಣಲಾಗದವಳಿಗೆ ಒಮ್ಮೆಲೇ ಬಡಿಸದೆ ದಿನಕ್ಕೆ ಐದಾರು ಬಾರಿ ಸ್ವಲ್ಪ ಸ್ವಲ್ಪ ಕೊಡುವುದು ಮೇಲು. ಹಸಿದ ಹೊಟ್ಟೆಯಲ್ಲಿ ಎದೆಬಡಿತ ಇನ್ನೂ ಏರುತ್ತದೆ. ಚಹಾ ಕಡಿಮೆಯಾಗಲಿ, ಸಂಜೆಯ ನಂತರ ಬೇಡವೇ ಬೇಡ. ಮಲಗುವ ಮುನ್ನ ಅಂಗಾಲಿಗೆ ಉಗುರುಬೆಚ್ಚನೆಯ ಎಳ್ಳೆಣ್ಣೆಯನ್ನು ಮೃದುವಾಗಿ ತಿಕ್ಕಿದರೆ ನಿದ್ರೆಗೆ ಸಹಾಯ. ಅದನ್ನು ಗಂಡನೇ ಮಾಡಿದರೆ ಇನ್ನೂ ಒಳ್ಳೆಯದು. ಹೀಗೆ ಹೇಳಿದಾಗಲೆಲ್ಲ ಹೊರಗೆ ಕುಳಿತ ಅತ್ತೆಯಂದಿರು ನಗುತ್ತಾರೆ. ಎದೆ ಬಡಿದುಕೊಳ್ಳತೊಡಗಿದಾಗ ಉಸಿರನ್ನು ನಿಧಾನವಾಗಿ ಒಳಗೆಳೆದು, ಅದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಐದು ನಿಮಿಷ ಮಾಡಬೇಕು. ಉಸಿರು ಕಟ್ಟಿ ಹಿಡಿಯುವ ಕುಂಭಕ, ರಭಸದ ಕಪಾಲಭಾತಿ ಗರ್ಭಿಣಿಗೆ ಸಲ್ಲ. ಬೆಳಗಿನ ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ಮನಸ್ಸು ನಿಲ್ಲುತ್ತದೆ ಎಂದು ಅನೇಕ ಹೆಣ್ಣುಮಕ್ಕಳು ನನಗೆ ಹೇಳಿದ್ದಾರೆ. ಆ ಅರ್ಧ ಗಂಟೆ ಅವಳನ್ನು ಅಡುಗೆಮನೆಯಿಂದ ಯಾರೂ ಕರೆಯದಿರಲಿ.

ಔಷಧಗಳ ಬಗ್ಗೆ ಆಯುರ್ವೇದದವಳಾಗಿಯೇ ಎಚ್ಚರಿಸುತ್ತೇನೆ. ಗಿಡಮೂಲಿಕೆಯಾದ್ದರಿಂದ ಏನೂ ಆಗದು ಎಂಬುದು ಅಪಾಯದ ನಂಬಿಕೆ. ಅಶ್ವಗಂಧ, ಬಜೆ, ಯಾವುದೇ ಭಸ್ಮ ಅಥವಾ ರಸೌಷಧಿಯನ್ನು ಗರ್ಭಿಣಿ ತಾನಾಗಿ ಅಂಗಡಿಯಿಂದ ಕೊಂಡು ಸೇವಿಸಬಾರದು. ನಿದ್ರೆಗೆಂದು ಹಾಲಿನಲ್ಲಿ ಜಾಜಿಕಾಯಿಯನ್ನು ಧಾರಾಳವಾಗಿ ತೇದು ಕೊಡುವುದೂ ಬೇಡ. ಮೊದಲಿನಿಂದಲೂ ಮನೋವೈದ್ಯರ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಬಸಿರು ನಿಂತಿತೆಂದು ಇದ್ದಕ್ಕಿದ್ದಂತೆ ನಿಲ್ಲಿಸಬಾರದು. ಕೆಲವನ್ನು ಮುಂದುವರಿಸಬಹುದು, ಕೆಲವನ್ನು ಬದಲಿಸಬೇಕು. ಮೂರ್ಛೆರೋಗಕ್ಕೂ ಮನೋವ್ಯಾಧಿಗೂ ಕೊಡುವ ವಾಲ್ಪ್ರೊಯೇಟ್ ಗರ್ಭದ ಮಗುವಿಗೆ ಹಾನಿಕರ. ಅದನ್ನು ಸೇವಿಸುವವರು ಗರ್ಭ ಧರಿಸುವ ಮುನ್ನವೇ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಸುರಿಯ ಬಾಯಿಂದ ಒಮ್ಮೆ ಬಂದರೂ ಕಾಯಬಾರದು, ಅವಳನ್ನು ಒಬ್ಬಳೇ ಬಿಡಬಾರದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತನಾಡಬಹುದು. ಹೆರಿಗೆಯಾದ ಮೊದಲ ಎರಡು ಮೂರು ವಾರಗಳಲ್ಲಿ ನಿದ್ರೆಯೇ ಇಲ್ಲದೆ ಅಸಂಬದ್ಧವಾಗಿ ಮಾತನಾಡುವ, ಇಲ್ಲದ ದನಿ ಕೇಳುವ ಬಾಣಂತಿಗೆ ಸನ್ನಿ ಎಂದು ಬರೆ ಹಾಕಿಸುವ ಅನಾಚಾರ ಇನ್ನಾದರೂ ನಿಲ್ಲಬೇಕು. ಅದು ತುರ್ತುಚಿಕಿತ್ಸೆ ಬೇಕಾದ, ಗುಣವಾಗುವ ರೋಗ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವಿದೆ.

ಈಗ ಆ ಸೊಸೆಯ ವಿಷಯ. ಮರುದಿನ ಅತ್ತೆ ಅವಳನ್ನು ಕರೆತಂದರು. ಹಿಮೋಗ್ಲೋಬಿನ್ 9.2, ಉಳಿದುವೆಲ್ಲ ಸರಿ. ಅತ್ತೆಯನ್ನು ಹೊರಗೆ ಕೂರಿಸಿ, ಯಾವುದರ ಹೆದರಿಕೆ ಎಂದು ಕೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ ಹೇಳಿದಳು. ಆರು ವರ್ಷದ ಹಿಂದೆ ಅವಳ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು, ಹಡೆದ ಎರಡು ತಾಸಿನಲ್ಲಿ ರಕ್ತಸ್ರಾವದಿಂದ ತೀರಿಕೊಂಡಳು. ಊರಿನಿಂದ ದೊಡ್ಡ ಆಸ್ಪತ್ರೆಗೆ ಒಯ್ಯುವ ಗಾಡಿಯಲ್ಲಿ ಅಕ್ಕನ ತಲೆ ಇದ್ದುದು ಇವಳ ತೊಡೆಯ ಮೇಲೆ. ಇವಳಿಗಾಗ ಹದಿನಾರು. ಆ ಮನೆಯ ಹೆಣ್ಣುಮಕ್ಕಳಿಗೆ ಹೆರಿಗೆ ಆಗಿಬರುವುದಿಲ್ಲ ಎಂಬ ಮಾತು ಹುಟ್ಟೀತೆಂದು, ಸಂಬಂಧ ಕೂಡಿಸುವಾಗ ಹಿರಿಯರು ಸಾವಿನ ಕಾರಣವನ್ನು ಮುಚ್ಚಿಟ್ಟರು. ಜ್ವರ ಬಂದು ಹೋದಳೆಂದರು. ಅಂದಿನಿಂದ ಇವಳೂ ಯಾರಿಗೂ ಹೇಳುವಂತಿರಲಿಲ್ಲ. ತವರಿಗೆ ಹೋಗು ಎಂದು ಮನೆಯವರು ಪ್ರೀತಿಯಿಂದ ಹೇಳಿದಾಗಲೆಲ್ಲ ಅವಳಿಗೆ ಕಾಣುತ್ತಿದ್ದುದು ಆ ಗಾಡಿ.

ಅವಳ ಒಪ್ಪಿಗೆ ಪಡೆದು ಅತ್ತೆಯನ್ನು ಒಳಗೆ ಕರೆದೆ. ಅವರು ಎಲ್ಲವನ್ನೂ ಕೇಳಿ, “ಇಷ್ಟ ದಿನ ಒಬ್ಬಾಕಿನೇ ಹೊತ್ತುಕೊಂಡು ತಿರುಗಿದೇನ ತಂಗಿ” ಎಂದರು. ಸುಳ್ಳು ಹೇಳಿದ ಬೀಗರ ಬಗ್ಗೆ ಒಂದು ಮಾತನ್ನೂ ಎತ್ತಲಿಲ್ಲ. ಆ ಕ್ಷಣಕ್ಕೆ ನಾನು ಅವರಿಗೆ ಕೈಮುಗಿಯಬೇಕಿತ್ತು, ಮುಗಿಯಲಿಲ್ಲ. ಈಗ ಇಲ್ಲಿ ಬರೆಯುತ್ತಿದ್ದೇನೆ.

ನಿನ್ನ ಭಯ ಸುಳ್ಳು ಎಂದು ಅವಳಿಗೆ ಹೇಳುವಂತಿರಲಿಲ್ಲ, ಅದು ಸುಳ್ಳಲ್ಲ. ಲೆಕ್ಕ ಹೇಳಿದೆ. 2001–03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಅದು 69ಕ್ಕೆ ಇಳಿದಿತ್ತು. ಮಗು ಹುಟ್ಟಿದ ಕೂಡಲೇ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ, ಗರ್ಭಕೋಶ ಬಿಗಿದು ರಕ್ತ ನಿಲ್ಲುತ್ತದೆ ಎಂದೆ. ತಲೆಯಾಡಿಸಿದಳು, ಅಂಕಿಗಳು ಅವಳಿಗೆ ತಾಗಲಿಲ್ಲವೆಂದು ನನಗೆ ತಿಳಿಯಿತು. ಅವಳು ಕೇಳಿದ್ದು ಒಂದೇ: “ಅಲ್ಲಿ ರಕ್ತದ ಬಾಟ್ಲಿ ಇರ್ತಾವೇನ್ರಿ? ನಾ ನೋಡಬಹುದೇನ್ರಿ?” ರಕ್ತನಿಧಿಯಿರುವ ಆಸ್ಪತ್ರೆಯಲ್ಲಿಯೇ ಹೆರಿಗೆ ಮಾಡಿಸುವುದೆಂದು ನಿಶ್ಚಯವಾಯಿತು. ಎಂಟನೆಯ ತಿಂಗಳಲ್ಲಿ ಅತ್ತೆ, ಗಂಡ ಅವಳನ್ನು ಕರೆದೊಯ್ದು ಹೆರಿಗೆ ಕೋಣೆಯನ್ನು ತೋರಿಸಿದರು. ಅಲ್ಲಿಯ ಶುಶ್ರೂಷಕಿ ರಕ್ತನಿಧಿಯ ಬಾಗಿಲವರೆಗೂ ಕರೆದೊಯ್ದರಂತೆ. ಕಬ್ಬಿಣದ ಮಾತ್ರೆ ತಪ್ಪಲಿಲ್ಲ. ಅತ್ತೆ ತಮ್ಮ ಹಾಸಿಗೆಯನ್ನು ಸೊಸೆಯ ಕೋಣೆಗೆ ತಂದುಕೊಂಡರು. ಪ್ರಸೂತಿಯ ಹೊತ್ತಿನಲ್ಲಿ ಅನುಭವಿಗಳೂ ಅಕ್ಕರೆಯುಳ್ಳವರೂ ಆದ ಹೆಂಗಸರು ಹತ್ತಿರವಿದ್ದು ಧೈರ್ಯ ತುಂಬಬೇಕೆಂದು ಚರಕರು ಹೇಳಿರುವುದುಂಟು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಜೊತೆಗಾತಿಗೆ ಅವಕಾಶವಿರಬೇಕೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ತಿಳಿಸಿದೆ. ಕೇಳಿದರೆ ಸಿಗುತ್ತದೆ, ಕೇಳುವವರು ಕಡಿಮೆ. ಈ ಅತ್ತೆ ಕೇಳಿದರು.

ಕಾರ್ತಿಕದಲ್ಲಿ ಸಹಜ ಹೆರಿಗೆಯಾಯಿತು, 2.8 ಕಿಲೋ ತೂಕದ ಮಗು. ಹಡೆದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ ಮಗುವನ್ನು ಕುರಿತದ್ದಲ್ಲ, ರಕ್ತ ಎಷ್ಟು ಹೋಯಿತು ಎಂದು. ಎರಡು ತಾಸು ಕಳೆಯುವವರೆಗೆ ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದಳಂತೆ. ಅತ್ತೆ ಕೈ ಬಿಡಲಿಲ್ಲ. ಎರಡು ತಾಸು ಮುಗಿದ ಮೇಲೆ ಮಗುವನ್ನು ಕೊಡಿ ಎಂದಳು.

ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ. ಹೋದ ವಾರ ಅತ್ತೆಯ ಫೋನು ಬಂದಿತ್ತು: ಕೂಸು ಎಬ್ಬಿಸುವವರೆಗೂ ಸೊಸೆಗೆ ಎಚ್ಚರವೇ ಆಗುವುದಿಲ್ಲವಂತೆ, ಇಷ್ಟು ನಿದ್ದೆ ಮಾಡಬಹುದೇ ಎಂದು ಕೇಳಿದರು. ಮಾಡಲಿ ಎಂದೆ.